ಏಳನೇ ಪಾಠ, ಪಾರ್ಕಿಂಗಿನಲ್ಲಿ

ಏರ್‌ಪೋರ್ಟಿನ ಹಿಂದಿನ ಟ್ಯಾಕ್ಸಿ ಪಾರ್ಕಿಂಗಿನಲ್ಲಿ
ಇನ್ನೂರ ಹನ್ನೊಂದನೇ ಟೋಕನ್ನು ನನ್ನದು.
ಈಗ ಕೂಗುತ್ತಿರುವುದು ಅರವತ್ತು ಚಿಲ್ಲರೆ.
ಸೀಟು ಹಿಂದಕ್ಕೆ ವಾಲಿಸಿ
ಮೊಬೈಲನ್ನು ಸ್ಟಿಯರಿಂಗಿಗೆ ಒರಗಿಸಿ
ಪರಿಮಳಾ ಸೆನ್ಸೇ ಪಾಠ ಹಚ್ಚುತ್ತೇನೆ.

ಬಸವೇಶ್ವರನಗರದ ಯಾವುದೋ ಮನೆ. ಬಿಳಿ ಬೋರ್ಡು,
ನೀಲಿ ಮಾರ್ಕರು, ಹಿಂದೆ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರು.
ಮೂರನೇ ಪಾಠದಲ್ಲಿ ಕುಕ್ಕರು ಎರಡು ಸಲ ಕೂಗುತ್ತದೆ.
'ಚೊತ್ತೊ ಮತ್ತೆ' ಅಂತ ಎದ್ದು ಹೋಗುತ್ತಾರೆ.
ಮತ್ತೆ ಅಂದರೆ ಅಲ್ಲಿ ತಾಳು ಅಂತ.
ತಾಳುತ್ತೇನೆ. ಖಾಲಿ ಕುರ್ಚಿ ನೋಡುತ್ತೇನೆ.
ಮತ್ತೆ ಬರುತ್ತಾರೆ.

ಕನ್ನಡದವರಿಗೆ ಅರ್ಧ ದಾರಿ ಆಗಲೇ ಮುಗಿದಿದೆ, ಅನ್ನುತ್ತಾರೆ.
ಕ್ರಿಯಾಪದ ನಮ್ಮ ಹಾಗೇ ಕೊನೆಗೆ;
ಹೋಗುತ್ತಾನೋ ಇಲ್ಲವೋ, ವಾಕ್ಯ ಮುಗಿಯುವ ತನಕ
ಹೆಬ್ಬಾಳದ ಸಿಗ್ನಲ್ಲಿನಂತೆ ಕಾಯಬೇಕು.
ನಾವು ಬಸ್ಸಿಗೆ ಉಕಾರ ಅಂಟಿಸಿದೆವು, ಅವರೂ ಬಸು ಅಂದರು.
ಕಸ ಅಂದರೆ ಮಾತ್ರ ಕೊಡೆ.
ಇದೊಂದು ನನ್ನ ತಲೆಗೆ ಹತ್ತುವುದಿಲ್ಲ.
ಬೆಳಿಗ್ಗೆ ಪಾಲಿಕೆಯ ಗಾಡಿ ಹಾಡಿಕೊಂಡು ಬಂದಾಗ
ಹಸಿ ಕೊಡೆ ಬೇರೆ ಇಡು, ಒಣ ಕೊಡೆ ಬೇರೆ ಇಡು
ಅಂತ ಹೆಂಡತಿಗೆ ಹೇಳಿ ಬೈಸಿಕೊಂಡೆ.

ಈ ಹುಚ್ಚು ಹತ್ತಿಸಿದ್ದು ಕುರೊದಾ ಸಾನ್.
ಎರಡು ವರ್ಷ ದಿನಾ ಬಿಡದಿಯ ಫ್ಯಾಕ್ಟರಿಗೆ ಒಯ್ದೆ.
ಒಂದು ದಿನವೂ ಬಾಗಿಲು ಧಡ್ ಅನ್ನಿಸಿದವರಲ್ಲ.
ಅವರ ಕನ್ನಡ ಒಂದೇ ಪದ: ಸಾಕು.
ಎ.ಸಿ.ಗೆ ಸಾಕು, ಚಿಲ್ಲರೆಗೆ ಸಾಕು,
ಕೆಂಗೇರಿಯ ಜಾಮಿನಲ್ಲಿ ಕಣ್ಣು ಮುಚ್ಚಿ ಮೆಲ್ಲಗೆ, ಸಾಕು.
ಮನೆ ಬಿಡುವಾಗ ಒಳಗೆ ತಿರುಗಿ
ಇತ್ತೆಕಿಮಾಸು ಅನ್ನುತ್ತಿದ್ದರು. ಹೋಗಿ ಬರ್ತೀನಿ ಅಂತ.
ಅಳತೆ ತೆಗೆದು ಹೊಲಿದಂತೆ ನಮ್ಮದೇ ಮಾತು.
ಬರೀ ಹೋಗ್ತೀನಿ ಅಂದದ್ದಕ್ಕೆ ಒಮ್ಮೆ
ಸೌಟು ಹಿಡಿದೇ ಓಡಿ ಬಂದಿದ್ದಳು ನಮ್ಮಮ್ಮ.

ಕೊನೆಯ ದಿನ, ಡಿಪಾರ್ಚರ್ ಗೇಟಿನ ಮುಂದೆ
ಮೂರು ಸೂಟ್‌ಕೇಸು ಇಳಿಸಿ, ದಾರಿಯುದ್ದಕ್ಕೂ
ಬಾಯೊಳಗೇ ಉರು ಹೊಡೆದದ್ದನ್ನು ಹೇಳಿದೆ:
ಇತ್ತೆರಾಶ್ಶಾಯ್. ಹೋಗಿ ಬನ್ನಿ.
ಅವರು ನಿಂತರು. ಸೊಂಟ ಮುರಿದಂತೆ ಬಾಗಿದರು,
ಹಿಂದಿನ ಕಾರಿನವನು ಹಾರ್ನ್ ಒತ್ತಿದರೂ ಏಳಲಿಲ್ಲ.
ತಿರುಗಿ ಬರುವವರಿಗಷ್ಟೇ ಆ ಮಾತು
ಅಂತ ನನಗೆ ಗೊತ್ತಾದದ್ದು ಐದನೇ ಪಾಠದಲ್ಲಿ,
ನಾಲ್ಕು ತಿಂಗಳ ಮೇಲೆ.
ತಿದ್ದಲಿಲ್ಲ ಅವರು.

ಇವತ್ತು ಏಳನೆಯದು.
ಜೀವ ಇದ್ದರೆ ಇರು, ಇಲ್ಲದಿದ್ದರೆ ಅರು.
ಬೆಕ್ಕು ಇರು. ಮೇಜು ಅರು.
ಮರ?
ಮರವೂ ಅರು, ಅನ್ನುತ್ತಾರೆ ಸೆನ್ಸೇ, ಕನ್ನಡಕ ಮೇಲೇರಿಸಿ,
ಅದು ಎದ್ದು ಹೋಗಲ್ಲ ನೋಡಿ.
ಬಳ್ಳಾರಿ ರಸ್ತೆಯ ಮರಗಳು ಎದ್ದು ಹೋದದ್ದನ್ನು
ನಾನು ನೋಡಿದ್ದೇನೆ, ಲಾರಿಯಲ್ಲಿ.

ಟ್ಯಾಕ್ಸಿ?
ನಿಲ್ಲಿಸಿ ಹೋದದ್ದಾದರೆ ಅರು.
ಒಳಗೆ ಡ್ರೈವರು ಕೂತಿದ್ದರೆ, ಇರು ಅನ್ನುವುದೂ ಉಂಟು.

ಬೆರಳಿಟ್ಟು ನಿಲ್ಲಿಸಿದೆ. ಹತ್ತು ಸೆಕೆಂಡು ಹಿಂದಕ್ಕೆ.
ಇನ್ನೊಂದು ಹತ್ತು.
ಹದಿನಾಲ್ಕು ವರ್ಷದಿಂದ ಫೋನಿನಲ್ಲಿ
ಎಲ್ಲಿದೆ ಅಂತಲೇ ಕೇಳಿದ್ದಾರೆ ಜನ.
ಎಲ್ಲಿದ್ದೀರಿ ಅಂದವರನ್ನು ಬೆರಳಲ್ಲಿ ಎಣಿಸಬಹುದು.

ಬಿಸಿಲು ಡ್ಯಾಶ್‌ಬೋರ್ಡಿನ ಗಣಪನ ತನಕ ಬಂದಿದೆ.
ಟೀ ಹೊತ್ತು. ಬಾಗಿಲಿಗೆ ಕೈ ಹಾಕಿದವನು
ಹಾಗೇ ಕೂರುತ್ತೇನೆ.
ಸಾಲುಸಾಲು ಬಿಳಿ ಕಾರು, ಒಂದರಲ್ಲಿ ಕಾಲು ಹೊರಚಾಚಿ ಮಲಗಿದವನು,
ಒಂದರಲ್ಲಿ ಯಾರೂ ಇಲ್ಲ.
ಇರು, ಇರು, ಅರು, ಇರು.

ಸಿದ್ದಲಿಂಗ ಬಂದು ಗಾಜು ತಟ್ಟುತ್ತಾನೆ:
ಟೀಗೆ ಬರ್ತೀಯೋ ಇಲ್ವೋ?
ಇರು, ಅನ್ನುತ್ತೇನೆ.
ಅವನು ಕಾಯುತ್ತಾ ನಿಲ್ಲುತ್ತಾನೆ.